ಬಾರ್ಸಿಲೋನಾದಿಂದ ಮೊಂಟ್ಸೆರಾಟ್ ಮಠ, ಒಂದೇ ದಿನದಲ್ಲಿ: ಮಂಡಿನೋವಿರೋ ಅಮ್ಮನ್ನ ಕರ್ಕೊಂಡು ಹೋಗ್ಬೋದಾ?

ಅರ್ಧ_ಲಗೇಜು

ನಮಸ್ಕಾರ ಎಲ್ರಿಗೂ. ಅಕ್ಟೋಬರ್ ಮೊದಲ ವಾರ ಬಾರ್ಸಿಲೋನಾಗೆ ಹೋಗ್ತಿದೀವಿ, ನಾನು, ಹೆಂಡ್ತಿ, 9 ವರ್ಷದ ಮಗಳು, ಅಪ್ಪ, ಅಮ್ಮ. ಇರೋದೇ ನಾಲ್ಕು ದಿನ. ಅದರಲ್ಲಿ ಒಂದು ದಿನ ಮೊಂಟ್ಸೆರಾಟ್ ಬೆಟ್ಟದ ಮೇಲಿರೋ ಮಠಕ್ಕೆ ಅಂತ ಹೆಂಡ್ತಿ ಆಗ್ಲೇ ತೀರ್ಮಾನ ಮಾಡ್ಬಿಟ್ಟಿದಾಳೆ. ನಂದು ಇರೋದು ಒಂದೇ ಚಿಂತೆ, ಅಮ್ಮಂಗೆ 67, ಎಡಗಾಲ್ ಮಂಡಿ ನೋವು, ಸಮತಟ್ಟು ಜಾಗ ಆದ್ರೆ ಆರಾಮಾಗಿ ನಡೀತಾರೆ ಆದ್ರೆ ಮೆಟ್ಲು ಇಳಿಯೋದು ಅಂದ್ರೆ ಆಗಲ್ಲ. ಅಪ್ಪಂಗೆ 71, ಕಾಲು ಗಟ್ಟಿ ಆದ್ರೆ ಎತ್ತರ ಅಂದ್ರೆ ಭಯ (ಒಪ್ಕೊಳಲ್ಲ). ಮೇಲೆ ಹೋಗೋಕೆ ಕೇಬಲ್ ಕಾರೂ ಇದೆ, ಹಲ್ಲುಗಾಲಿ ರೈಲೂ ಇದೆ ಅಂತ ಓದ್ದೆ, ಯಾವ್ದು ವಾಸಿ? ಮತ್ತೆ ಅಲ್ಲಿ ಹುಡುಗರ ಗಾಯನ ಅಂತ ಇದೆಯಂತಲ್ಲ ಅದು ದಿನಾ ಇರುತ್ತಾ? ಊಟಕ್ಕೆ ಏನ್ ಮಾಡೋದು, ನಾವು ಸಸ್ಯಾಹಾರಿಗಳು. ಹೋಗಿ ಬಂದೋರು ದಯವಿಟ್ಟು ಹೇಳಿ.

ಸುಮ್ನೆ_ಓದೋನು

ನಾಲ್ಕೇ ದಿನ ಇಟ್ಕೊಂಡು ಒಂದು ದಿನ ಪೂರ್ತಿ ಬೆಟ್ಟಕ್ಕೆ ಯಾಕ್ ಹಾಕ್ತೀರ ಗುರು. ಬೆಟ್ಟ ಮಠ ನಮ್ಮಲ್ಲಿ ಇಲ್ವಾ? ಆ ದಿನ ಸಿಟಿಲೇ ಇದ್ದು ಸಗ್ರಾದಾ ಫಮಿಲಿಯಾ ಚರ್ಚ್ ನಿಧಾನಕ್ಕೆ ನೋಡಿ.

ರೈಲ್_ಹುಚ್ಚ

ಮೇಲಿನೋರ ಮಾತು ಕೇಳ್ಬೇಡಿ. ರೈಲಿನ ವಿಷಯ ನಾನ್ ಹೇಳ್ತೀನಿ, ಇದರಲ್ಲೇ ಎಲ್ಲಾರೂ ಎಡವೋದು.

ಸಿಟಿಲಿ ಪ್ಲಾಸಾ ಎಸ್ಪಾನ್ಯಾ ಅಂತ ದೊಡ್ಡ ಸರ್ಕಲ್ ಇದೆ, ಅದರ ಕೆಳಗೆ ನೆಲದೊಳಗೇ ಸ್ಟೇಷನ್. ಮೆಟ್ರೋನೂ ಅಲ್ಲೇ ಬರುತ್ತೆ, ಆದ್ರೆ ನಿಮಗೆ ಬೇಕಾಗಿರೋದು ಕತಲಾನ್ ಸರ್ಕಾರದ (ಬಾರ್ಸಿಲೋನಾ ಇರೋ ಕತಲೂನ್ಯಾ ಪ್ರಾಂತ್ಯದ್ದು) ರೈಲು, ಆರ್5 ಲೈನ್, ಮನ್ರೇಸಾ ಕಡೆ ಹೋಗೋದು. ಗಂಟೆಗೊಂದು ಗಾಡಿ, ಹತ್ರಹತ್ರ ಒಂದು ಗಂಟೆ ಪ್ರಯಾಣ. ಟಿಕೆಟ್ ಮಿಷನ್ ಮುಂದೆ ನಿಂತಾಗ ಅದು ಕೇಳುತ್ತೆ, ಕೇಬಲ್ ಕಾರೋ ಕ್ರೆಮಾಯೆರಾನೋ ಅಂತ. ಕ್ರೆಮಾಯೆರಾ ಅಂದ್ರೆ ಹಲ್ಲುಗಾಲಿ ರೈಲು. ಇಲ್ಲೇ ನಿರ್ಧಾರ ಮಾಡಿಬಿಡ್ಬೇಕು, ಯಾಕಂದ್ರೆ ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯಲ್ಲ, ಇಳಿಯೋ ಸ್ಟೇಷನ್ನೂ ಬೇರೆ. ಕೇಬಲ್ ಕಾರ್ ಆದ್ರೆ 'ಆಯೆರಿ ದೆ ಮೊಂಟ್ಸೆರಾಟ್' ಸ್ಟೇಷನ್. ಹಲ್ಲುಗಾಲಿ ಆದ್ರೆ ಅದರ ಮುಂದಿನದು, 'ಮೊನಿಸ್ಟ್ರೋಲ್ ದೆ ಮೊಂಟ್ಸೆರಾಟ್'. ಎರಡರ ಹೆಸರಲ್ಲೂ ಮೊಂಟ್ಸೆರಾಟ್ ಇರೋದ್ರಿಂದ ಜನ ಮೊದಲನೇದ್ರಲ್ಲೇ ದಬದಬ ಇಳ್ದುಬಿಡ್ತಾರೆ.

ಕೇಬಲ್ ಕಾರು 1930ರದ್ದು, ಹಳದಿ ಡಬ್ಬಿ, 35 ಜನ ನಿಂತ್ಕೊಂಡು ಹೋಗೋದು, 5 ನಿಮಿಷದಲ್ಲಿ 544 ಮೀಟರ್ ಎತ್ತರ ಹತ್ತಿಸುತ್ತೆ. ಕ್ರೆಮಾಯೆರಾ 15-20 ನಿಮಿಷ, ಕೂತ್ಕೊಂಡು, ಗಾಜಿನ ಕಿಟಕಿ, ಕಣಿವೆ ಕಾಣುತ್ತೆ. ಮೊದಲು ಶುರುವಾಗಿದ್ದು 1892ರಲ್ಲಿ, 1957ರಲ್ಲಿ ನಿಂತೇಹೋಯ್ತು, 2003ರಲ್ಲಿ ಹೊಸದಾಗಿ ಹಳಿ ಹಾಕಿ ಮತ್ತೆ ಬಿಟ್ರು. ಎರಡು ಹಳಿ ಮಧ್ಯೆ ಹಲ್ಲಿರೋ ಕಬ್ಬಿಣದ ಪಟ್ಟಿ, ಗಾಡಿ ಕೆಳಗಿನ ಚಕ್ರ ಅದಕ್ಕೆ ಕಚ್ಕೊಂಡು ಹತ್ತುತ್ತೆ, ನಮ್ಮ ಊಟಿ ರೈಲು ಮೆಟ್ಟುಪಾಳ್ಯಂ ಕಡೆಯಿಂದ ಹತ್ತುತ್ತಲ್ಲ ಅದೇ ತತ್ವ. ನಿಮ್ಮ ಅಪ್ಪ ಅಮ್ಮಂಗೆ ಕಣ್ಣುಮುಚ್ಚಿ ಕ್ರೆಮಾಯೆರಾ. ಮೇಲೆ ಅದರ ಸ್ಟೇಷನ್ ಮಠದ ಅಂಗಳಕ್ಕೆ ತೀರಾ ಹತ್ರ, ಕೇಬಲ್ ಕಾರಿನ ಸ್ಟೇಷನ್ ಸ್ವಲ್ಪ ಕೆಳಗಿದೆ, ಅಲ್ಲಿಂದ ಏರು ಹತ್ತಬೇಕು.

ಕುಡ್ಲದ_ಕೊಡೆ

ಹುಡುಗರ ಗಾಯನದ ವಿಷಯದಲ್ಲಿ ನಾನು ಮೋಸ ಹೋದವಳು ಮಾರಾಯ್ರೆ, ಮೋಸ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ನಾವು ಹೋದದ್ದು ಜುಲೈಯಲ್ಲಿ. ಬಿಸಿಲಲ್ಲಿ ಬೆಂದು ಮೇಲೆ ಹೋಗಿ, ಒಂದು ಗಂಟೆಗೆ ಹಾಡ್ತಾರೆ ಅಂತ ಹನ್ನೆರಡಕ್ಕೇ ಬೆಂಚಲ್ಲಿ ಜಾಗ ಹಿಡಿದು ಕೂತಿದ್ದು. ಒಂದು ಆಯ್ತು, ಒಂದೂ ಕಾಲು ಆಯ್ತು, ಎಂತದೂ ಇಲ್ಲ. ಪಕ್ಕದಲ್ಲಿದ್ದ ಅಜ್ಜಿಯ ಹತ್ರ ಕೈಸನ್ನೆಯಲ್ಲಿ ಕೇಳಿದ್ರೆ ಅವರು ನಗಾಡಿ 'ಬಕಾನ್ಸೆಸ್' ಅಂದ್ರು. ರಜೆ! ಅವರು ಮಠದ ಶಾಲೆಯ ಮಕ್ಕಳು ಅಲ್ವಾ, ಬೇಸಿಗೆ ರಜೆಯಲ್ಲಿ ಮನೆಗೆ ಹೋಗ್ಲಿಕ್ಕಿಲ್ವಾ ಅವರಿಗೆ? ನನಗೆ ಅಷ್ಟು ತಲೆಗೆ ಹೋಗ್ಲಿಲ್ಲ. ಜೂನ್ ಕೊನೆಯಿಂದ ಆಗಸ್ಟ್‌ನಲ್ಲಿ ಸುಮಾರು ದಿನದ ತನಕ ಇರುವುದಿಲ್ಲ, ಕ್ರಿಸ್ಮಸ್ ಆದ ಮೇಲೂ ಸ್ವಲ್ಪ ದಿನ ಇಲ್ಲ. ಅಕ್ಟೋಬರ್ ಆದ್ರೆ ನಿಮಗೆ ಸಿಗ್ತದೆ. ಆದ್ರೂ ಮಠದ ಸೈಟಲ್ಲಿ ಆ ವಾರದ ಪಟ್ಟಿ ನೋಡಿಯೇ ದಿನ ಗೊತ್ತು ಮಾಡಿ, ಶನಿವಾರ ಆದಿತ್ಯವಾರದ ಲೆಕ್ಕ ಬೇರೆ ಉಂಟು.

ಮೂರ್ನೇ_ಮಹಡಿ

ನಾನು ಬಾರ್ಸಿಲೋನಾದಲ್ಲೇ ಆರು ವರ್ಷದಿಂದ ಇದೀನಿ, ಊರಿಂದ ಯಾರ್ ಬಂದ್ರೂ ಮೊಂಟ್ಸೆರಾಟ್ ಡ್ಯೂಟಿ ನಂದೇ, ಎಷ್ಟು ಸಲ ಹತ್ತಿಳಿದಿದೀನಿ ಲೆಕ್ಕ ಇಲ್ಲ. ಕೆಲವು ವಿಷಯ ಸೇರಿಸ್ತೀನಿ.

ಮೊದಲು ಸುಮ್ನೆ ಹೋಗಿ ಒಳಗೆ ನುಗ್ಬೋದಿತ್ತು, ಈಗ ಚರ್ಚ್ ಒಳಗೆ ಹೋಗೋಕೆ, ಮಾತೆ ಮರಿಯಳ ಮೂರ್ತಿ ಹತ್ರ ಹೋಗೋಕೆ, ಗಾಯನ ಕೇಳೋಕೆ ಎಲ್ಲದಕ್ಕೂ ಟೈಮ್ ಹಾಕಿರೋ ಟಿಕೆಟ್ ಮುಂಚೇನೇ ತಗೋಬೇಕು. ಅಲ್ಲಿ ಹೋಗಿ ನೋಡೋಣ ಅಂದ್ಕೊಂಡು ಬಂದೋರು ಹೊರಗಡೆ ಅಂಗಳ ನೋಡ್ಕೊಂಡು ವಾಪಸ್ ಬಂದಿರೋದು ನನ್ನ ಕಣ್ಣಾರೆ ನೋಡಿದೀನಿ, ಅದರಲ್ಲಿ ನಮ್ಮ ಮಾವನೂ ಒಬ್ರು. ಹಾಗಾಗಿ ಮೊದಲು ಗಾಯನದ ದಿನ ಟೈಮು ಫಿಕ್ಸ್ ಮಾಡಿ, ಅದರ ಸುತ್ತ ಮೂರ್ತಿ ದರ್ಶನದ ಸ್ಲಾಟು, ಅದಾದ್ಮೇಲೆ ರೈಲು. ಎಲ್ಲರೂ ಮಾಡೋದು ಇದರ ಉಲ್ಟಾ.

ಇನ್ನೊಂದು, ಅಲ್ಲಿ ಮಾಡೋಕೆ ಹತ್ತು ಹನ್ನೆರಡು ವಿಷಯ ಇದೆ, ಎಲ್ಲಾ ಮಾಡ್ತೀನಿ ಅಂತ ಹೋಗ್ಬೇಡಿ ವಯಸ್ಸಾದೋರನ್ನ ಕರ್ಕೊಂಡು. ಮೂರ್ತಿ, ಗಾಯನ, ಮೇಲಿನ ಫ್ಯೂನಿಕ್ಯುಲರ್ (ಹಗ್ಗ ಕಟ್ಟಿ ಎಳೆಯೋ ಬೆಟ್ಟದ ರೈಲು). ಮೂರು ಸಾಕು. ಸಾಂಟ್ ಜುವಾನ್ ಫ್ಯೂನಿಕ್ಯುಲರ್ ಅಂತ ಮಠದ ಪಕ್ಕದಿಂದಾನೇ ಹತ್ತುತ್ತೆ, 1918ರದ್ದು, ಇಳಿಜಾರು 65 ಪರ್ಸೆಂಟ್, ಒಳಗೆ ಕೂತಾಗ ಹಿಂದಕ್ಕೆ ಬಿದ್ದೇಬಿಡ್ತೀವಿ ಅನ್ಸುತ್ತೆ. ನಿಮ್ಮಪ್ಪನ್ನ ಕೆಳಗಡೆ ಮುಖ ಮಾಡಿ ಕೂರಿಸ್ಬೇಡಿ, ಹೇಳಿದ್ದೀನಿ.

ಪಿಕ್‌ಪಾಕೆಟ್ ಬಗ್ಗೆ ಬೇರೆ ಹೇಳ್ಬೇಕಾಗಿಲ್ಲ ಅಂದ್ಕೊತೀನಿ. ಬೆಟ್ಟದ ಮೇಲೆ ಅಲ್ಲ, ಸಿಟಿ ಮೆಟ್ರೋದಲ್ಲಿ, ಅದೂ ಬಾಗಿಲು ಮುಚ್ಚೋ ಟೈಮಲ್ಲಿ.

ಸುಮ್ನೆ_ಓದೋನು

ಇಷ್ಟೆಲ್ಲಾ ಟಿಕೆಟ್ ಸ್ಲಾಟ್ ತಗೊಂಡು ಹೋಗೋಕೆ ಅದು ಮಠನಾ ಇಲ್ಲಾ ಥೀಮ್ ಪಾರ್ಕಾ 😀

ಧಾರವಾಡ_ಫೇಡೆ

ಓದೋನು ಅವ್ರ, ನೀವು ಹಂಗ ಅಂದ್ರ ನಾ ಸುಮ್ನ ಕೂಡಂಗಿಲ್ಲ ನೋಡ್ರಿ. ಆ ಮಠದ ಕಥಿ ಗೊತ್ತಾದ್ರ ನೀವ ಟಿಕೇಟ್ ತಗೊಂಡು ಹೊಂಟ್ ಬಿಡ್ತೀರಿ.

1025ರಾಗ ಒಲಿಬಾ ಅನ್ನೋ ಮಠಾಧಿಪತಿ ಶುರು ಮಾಡಿಸಿದ್ದು, ಬೆನೆಡಿಕ್ಟೀನ್ ಅನ್ನೋ ಕ್ರೈಸ್ತ ಪಂಥದ ಸನ್ಯಾಸಿಗಳದ್ದು. 2025ಕ್ಕ ಸಾವಿರ ವರ್ಷ ತುಂಬ್ತು. ಸಾವಿರ ವರ್ಷದಾಗ ಏನೇನ ಆಗಿಲ್ಲ ಹೇಳ್ರಿ. 1811, 12ರಾಗ ನೆಪೋಲಿಯನ್ ಮಂದಿ ಬಂದು ಸುಟ್ಟು ಕೆಡವಿ ಹ್ವಾದ್ರು, ಹಿಂಗಾಗಿ ಇವತ್ತ ನೀವು ನೋಡೂದು ಹೆಚ್ಚಿನ ಭಾಗ ಆಮ್ಯಾಲೆ ಕಟ್ಟಿದ್ದ. ಆದ್ರ ನನಗ ಭಾಳ ಮನಸಿಗೆ ಹತ್ತಿದ್ದು ಅದಲ್ರಿ, ಭಾಷಾದ್ದು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಕಾಲದಾಗ ಕತಲಾನ್ ಭಾಷಾಕ್ಕ ಸರಕಾರದಾಗ ಜಾಗ ಇಲ್ಲ, ಸಾಲ್ಯಾಗ ಇಲ್ಲ. ಅವಾಗ ಈ ಬೆಟ್ಟದ ಮ್ಯಾಲಿನ ಸನ್ಯಾಸಿಗಳು ಕತಲಾನ್‌ದಾಗ ಪೂಜಿ, ಕತಲಾನ್‌ದಾಗ ಪುಸ್ತಕ, ಪತ್ರಿಕೆ ನಡಿಸಿದ್ರು. 1499ರಾಗ ಅಲ್ಲೆ ಛಾಪಖಾನೆ ಹಾಕಿದ್ರಂದ್ರ ಪುಸ್ತಕದ ನಂಟು ಎಷ್ಟ್ ಹಳೇದು ನೋಡ್ರಿ. 1963ರಾಗ ಅಲ್ಲಿನ ಮಠಾಧಿಪತಿ ಎಸ್ಕಾರೆ ಫ್ರಾನ್ಸಿನ ಪೇಪರಿಗೆ ಸಂದರ್ಶನ ಕೊಟ್ಟು ಫ್ರಾಂಕೋ ಆಡಳಿತದ ವಿರುದ್ಧ ಮಾತಾಡಿದ, ದೇಶ ಬಿಟ್ಟು ಹೋಗಬೇಕಾತು. 1970 ಡಿಸೆಂಬರ್‌ನಾಗ ಸುಮಾರು 300 ಮಂದಿ ಸಾಹಿತಿಗಳು ಕಲಾವಿದರು ಒಂದು ಮಿಲಿಟರಿ ಕೋರ್ಟಿನ ಕೇಸ್ ವಿರೋಧಿಸಿ ಈ ಮಠದೊಳಗ ಬಾಗಲಾ ಹಾಕ್ಕೊಂಡು ಕೂತ್ರು, ಪೇಂಟರ್ ಮಿರೋ ಸೈತ ಇದ್ದ. ಮಠದವ್ರು ಹೊರಗ ಹಾಕಲಿಲ್ಲ.

ಮಠ ಅಂದ್ರ ಬರೇ ಗಂಟಿ, ಮೇಣಬತ್ತಿ ಅಲ್ರಿಯಪ್ಪಾ. ಭಾಷಾ ಉಳಿಸಿದ ಮಠ ಅಂದ್ರ ಧಾರವಾಡದವಂಗ ಎದಿ ಉಬ್ಬತದ.

ಸುಮ್ನೆ_ಓದೋನು

ಇದು ಗೊತ್ತಿರ್ಲಿಲ್ಲ. ಥೀಮ್ ಪಾರ್ಕ್ ಮಾತು ವಾಪಸ್ ತಗೊಂಡೆ. ಒಂದ್ ದಿನ ಕೊಡ್ಬೋದು ಬಿಡಿ.

ಕಲ್ಲು_ಮಣ್ಣು

ಯಾರೂ ಬೆಟ್ಟದ ಬಗ್ಗೆ ಮಾತಾಡ್ತಾನೇ ಇಲ್ವಲ್ಲ? ಮಠ ಸಾವಿರ ವರ್ಷ ಅಂತೀರ, ಬೆಟ್ಟ ಕೋಟಿಗಟ್ಟಲೆ ವರ್ಷದ್ದು ಸ್ವಾಮಿ.

ದೂರದಿಂದ ನೋಡಿದ್ರೆ ಬೆರಳು ಮೇಲೆತ್ತಿ ನಿಲ್ಲಿಸ್ದಂಗೆ ಕಾಣುತ್ತೆ, ಹೆಸರಿನ ಅರ್ಥಾನೇ ಗರಗಸದಲ್ಲಿ ಕುಯ್ದ ಬೆಟ್ಟ ಅಂತ. ಆದ್ರೆ ಹತ್ರ ಹೋಗಿ ಬಂಡೆ ಮೇಲೆ ಕೈ ಇಟ್ಟು ನೋಡಿ. ಕಾಂಕ್ರೀಟ್ ಹಾಕಿ ಮೇಲಿನ ಸಿಮೆಂಟು ತೊಳೆದುಬಿಟ್ರೆ ಹೆಂಗೆ ಜಲ್ಲಿ ಎದ್ದು ಕಾಣುತ್ತೆ, ಹಂಗೆ ಇರುತ್ತೆ, ಆದ್ರೆ ಜಲ್ಲಿ ಚೂಪಲ್ಲ, ಎಲ್ಲಾ ಉಂಡೆ ಉಂಡೆ ಹೊಳೆಗಲ್ಲು. ಈಯೊಸೀನ್ ಕಾಲದಲ್ಲಿ, ಅಂದ್ರೆ ಕೋಟಿಗಟ್ಟಲೆ ವರ್ಷದ ಹಿಂದೆ, ಅಲ್ಲಿ ಸಮುದ್ರ ಇತ್ತು, ಅದಕ್ಕೆ ಬಂದು ಸೇರ್ತಿದ್ದ ನದಿ ತನ್ನ ಜತೆ ತಂದಿದ್ದ ಕಲ್ಲೆಲ್ಲಾ ಮುಖಜ ಭೂಮಿಯಲ್ಲಿ ಸುರೀತಾ ಹೋಯ್ತು, ಅದೇ ಗಟ್ಟಿಯಾಗಿ ಆಮೇಲೆ ನೆಲ ಮೇಲೆದ್ದು, ಉದ್ದುದ್ದ ಬಿರುಕು ಬಿಟ್ಟು, ಆ ಬಿರುಕಲ್ಲಿ ಮಳೆನೀರು ಕೊರ್ದು ಕೊರ್ದು ಈ ಕಂಬಗಳಾದ್ವು. ಅಂದ್ರೆ ನೀವು 1,236 ಮೀಟರ್ ಎತ್ತರದ ಸಾಂಟ್ ಜೆರೋನಿ ಶಿಖರದಲ್ಲಿ ನಿಂತು ಮುಟ್ಟೋದು ಯಾವತ್ತೋ ಹೊಳೇಲಿ ಉರುಳಿದ ಕಲ್ಲನ್ನ. ನನಗೆ ಇದೇ ದೇವರು, ಒಳಗೆ ಹೋಗ್ದಿದ್ರೂ ನಡೆಯುತ್ತೆ.

ಮಗಳಿಗೆ ಕಲ್ಲು ಆರಿಸಿ ಜೇಬಿಗೆ ಹಾಕ್ಕೋಬೇಡ ಅಂತ ಮೊದಲೇ ಹೇಳಿಡಿ, 1987ರಿಂದ ಅದು ನ್ಯಾಚುರಲ್ ಪಾರ್ಕು. ಫೋಟೋ ತೆಗೀಲಿ, ಇಲ್ಲಿ ಹಾಕಿ, ನಾನು ಯಾವ ಕಲ್ಲು ಅಂತ ಹೇಳ್ತೀನಿ.

ಕುಡ್ಲದ_ಕೊಡೆ

ಊಟದ್ದು ಯಾರೂ ಹೇಳ್ಲಿಲ್ಲ. ಕಟ್ಟಿಕೊಂಡು ಹೋಗುವುದೇ ಒಳ್ಳೆಯದು, ಕೂತ್ಕೊಂಡು ತಿನ್ಲಿಕ್ಕೆ ಜಾಗ ಬೇಕಾದಷ್ಟುಂಟು. ಮೇಲೆ ಕ್ಯಾಂಟೀನಲ್ಲಿ ಟೊಮೆಟೊ ಉಜ್ಜಿದ ಬ್ರೆಡ್ ಸಿಗ್ತದೆ, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಕೇಳ್ಲಿಕ್ಕೆ ಸಪ್ಪೆ ಅನ್ನಿಸ್ತದೆ, ತಿಂದ್ರೆ ಗೊತ್ತಾಗ್ತದೆ. ಮತ್ತೆ ದಾರಿ ಬದಿಯಲ್ಲಿ ಆ ಊರಿನವರು ಸಾಲಾಗಿ ಟೇಬಲ್ ಹಾಕಿ ಜೇನುತುಪ್ಪ, ಒಣ ಅಂಜೂರ, ಚೀಸು ಮಾರ್ತಾರೆ. 'ಮಾತೋ' ಅಂತ ಉಪ್ಪಿಲ್ಲದ ಬಿಳಿ ಚೀಸು, ನಮ್ಮ ಪನೀರು ಒತ್ತುವ ಮೊದಲು ಇರ್ತದಲ್ಲ ಆ ಹದ, ಅದರ ಮೇಲೆ ಜೇನು ಸುರಿದು ತಿನ್ನುವುದು. ಒಂದು ಮಾತು, ಚೀಸಿಗೆ ಹಾಕುವ ಹೆಪ್ಪು ಕೆಲವು ಕಡೆ ಕರುವಿನ ಹೊಟ್ಟೆಯದ್ದು ಆಗಿರ್ತದೆ, ನಿಮ್ಮ ಅಮ್ಮ ಕಟ್ಟುನಿಟ್ಟಾದ್ರೆ ಕೇಳಿ ತಗೊಳ್ಳಿ. ನಾನು ತಿಂದಾದ ಮೇಲೆ ಗೊತ್ತಾದದ್ದು.

ಅರ್ಧ_ಲಗೇಜು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಯನ ಇರೋ ಬುಧವಾರ ಆರಿಸ್ಕೊಂಡು, ಮೂರ್ತಿ ದರ್ಶನ 11:30ಕ್ಕೆ, ಗಾಯನ 1ಕ್ಕೆ ಬುಕ್ ಮಾಡಿದೆ. ಮೂರ್ತಿ ಹತ್ರ ಮೆಟ್ಲು ಎಷ್ಟಿದೆ?

ಮೂರ್ನೇ_ಮಹಡಿ

ಚರ್ಚಿನ ಬಲಗಡೆಯಿಂದ ಒಳಗೆ ಹೋಗಿ ಮೆಟ್ಲು ಹತ್ತಿ ಪ್ರಧಾನ ಪೀಠದ ಹಿಂದೆ ಮೇಲಕ್ಕೆ ಹೋಗ್ಬೇಕು. ಎಣಿಸಿಲ್ಲ ಆದ್ರೆ ಜಾಸ್ತಿ ಇಲ್ಲ, ಅಮೃತಶಿಲೆ ಮೆಟ್ಲು, ಅಗಲ ಇದೆ, ಜನ ಸಾಲಲ್ಲಿ ನಿಂತು ನಿಂತು ಹೋಗೋದ್ರಿಂದ ಒಂದೊಂದ್ ಮೆಟ್ಲಲ್ಲೂ ಸುಧಾರಿಸ್ಕೊಬೋದು. ಹತ್ತೋದು ಒಂದು ಕಡೆ, ಇಳಿಯೋದು ಇನ್ನೊಂದು ಕಡೆ. ಭುಜ ಮುಚ್ಚೋ ಬಟ್ಟೆ ಹಾಕಿರಿ, ಅಮ್ಮ ಸೀರೆ ಆದ್ರೆ ಅದರ ಬಗ್ಗೆ ಯೋಚನೇನೇ ಇಲ್ಲ. ಅಕ್ಟೋಬರಲ್ಲಿ ಕೆಳಗಡೆ ಸೆಕೆ ಇದ್ರೂ ಮೇಲೆ ಗಾಳಿ ತಣ್ಣಗಿರುತ್ತೆ, ಒಂದು ಸ್ವೆಟರ್ ಇಟ್ಕೊಳ್ಳಿ.

ಅರ್ಧ_ಲಗೇಜು

ಹೋಗ್ಬಂದ್ವಿ! ಉದ್ದ ಬರೀತೀನಿ, ಬೇಜಾರಾದ್ರೆ ಬಿಟ್ಟು ಮುಂದೆ ಹೋಗಿ.

ರೈಲ್_ಹುಚ್ಚ ಅವ್ರೆ, ಮೊದಲು ನಿಮ್ಮ ಹತ್ರ ಕ್ಷಮೆ ಕೇಳ್ಬೇಕು. ಅಷ್ಟು ಬಿಡಿಸಿ ಬಿಡಿಸಿ ಹೇಳಿದ್ರೂ, ಕ್ರೆಮಾಯೆರಾ ಟಿಕೆಟ್ ಕೈಲಿಟ್ಕೊಂಡು, ಎಲ್ಲರೂ ಇಳೀತಿದಾರೆ ಅಂತ ನಾವೂ ಕೇಬಲ್ ಕಾರ್ ಸ್ಟೇಷನ್ನಲ್ಲೇ ಇಳ್ದುಬಿಟ್ವಿ. ಇಳ್ದು ಬೋರ್ಡ್ ಓದೋಷ್ಟರಲ್ಲಿ ರೈಲು ಹೊರಟಾಯ್ತು. ಮುಂದಿನದು ಇನ್ನೊಂದ್ ಗಂಟೆಗೆ. ಹೆಂಡ್ತಿ ಏನೂ ಮಾತಾಡ್ಲಿಲ್ಲ, ಅದೇ ಜಾಸ್ತಿ ಭಯ ಆಯ್ತು. ಕೊನೆಗೆ ಅಮ್ಮಾನೇ 'ಆ ಹಳದಿ ಡಬ್ಬೀಲೇ ಹೋಗೋಣ ನಡಿಯೋ, ಇಲ್ಲಿ ಕೂತು ಏನ್ ಮಾಡ್ತೀಯ' ಅಂದ್ರು. ಬೇರೆ ಟಿಕೆಟ್ ತಗೊಂಡು ಹತ್ತಿದ್ವಿ. ಅಪ್ಪ ಮಧ್ಯದ ಕಂಬ ತಬ್ಕೊಂಡು ಐದು ನಿಮಿಷ ಕಣ್ಣು ಮುಚ್ಚಿದ್ರು, ಮಗಳು ಪಕ್ಕದಲ್ಲಿ ನಿಂತು 'ಅಜ್ಜ ಈಗ ಬಂಡೆ ಹತ್ರ ಬಂತು, ಈಗ ಇನ್ನೊಂದು ಡಬ್ಬಿ ಕೆಳಗೆ ಹೋಯ್ತು' ಅಂತ ಕಾಮೆಂಟರಿ ಕೊಡ್ತಿದ್ಲು, ಸಮಾಧಾನ ಮಾಡ್ತಿದ್ಲೋ ಹೆದರಿಸ್ತಿದ್ಲೋ ಗೊತ್ತಿಲ್ಲ. ಮೇಲಿಳಿದ್ಮೇಲೆ ಏರು ಇತ್ತು, ನೀವು ಹೇಳ್ದಂಗೇ. ಅಮ್ಮ ನಿಧಾನಕ್ಕೆ ಹತ್ತಿದ್ರು. ಇಳಿಯುವಾಗ ನಮ್ಮ ಟಿಕೆಟ್ ಇದ್ದ ಕ್ರೆಮಾಯೆರಾದಲ್ಲೇ ಬಂದ್ವಿ, ಅಪ್ಪ ಪೂರ್ತಿ ಕಿಟಕಿ ಪಕ್ಕ ಕೂತು ಅದು ನೋಡಿ ಇದು ನೋಡಿ ಅಂತ ನಮಗೇ ತೋರಿಸ್ತಿದ್ರು.

ಮೂರ್ತಿ ವಿಷಯ. ಮೊರೆನೆಟಾ ಅಂತಾರೆ ಅಲ್ಲಿ, ಕಪ್ಪಮ್ಮ ಅಂದಂಗೆ, ಮುದ್ದಿನ ಹೆಸರು. ಹನ್ನೆರಡನೇ ಶತಮಾನದ ಮರದ ಕೆತ್ತನೆ, ಎತ್ತರ 95 ಸೆಂಟಿಮೀಟರ್ ಅಷ್ಟೆ, ಅಷ್ಟು ದೊಡ್ಡ ಚರ್ಚಲ್ಲಿ ಇಷ್ಟು ಪುಟ್ಟ ತಾಯಿ. 1881ರಲ್ಲಿ ಪೋಪ್ ಇವಳನ್ನ ಕತಲೂನ್ಯಾದ ರಕ್ಷಕಿ ಅಂತ ಘೋಷಿಸಿದ್ರಂತೆ. ಮೂರ್ತಿ ಸುತ್ತ ಗಾಜಿದೆ, ಬಲಗೈಲಿರೋ ಮರದ ಗೋಳ ಮಾತ್ರ ಗಾಜಿನಿಂದ ಹೊರಗಿದೆ, ಅದನ್ನ ಮುಟ್ಟಿ ಮುಂದಕ್ಕೆ ಹೋಗ್ಬೇಕು, ಒಬ್ಬೊಬ್ಬರಿಗೆ ಕೆಲವೇ ಸೆಕೆಂಡು. ನಾವೆಲ್ಲಾ ಮುಟ್ಟಿ ಸರಿದ್ವಿ. ಅಮ್ಮ ಗೋಳದ ಮೇಲೆ ಪೂರ್ತಿ ಅಂಗೈ ಇಟ್ಟು, ಹಂಗೇ ಒಂದು ಸುತ್ತು ಸವರಿ, ಆ ಕೈನ ಕಣ್ಣಿಗೊತ್ಕೊಂಡ್ರು. ಕೆಳಗೆ ಬಂದ್ಮೇಲೆ ಹೇಳ್ತಾರೆ, 'ನಮ್ಮಜ್ಜಿ ಮನೇಲಿ ಬೀಸೋ ಕಲ್ಲಿನ ಗೂಟ ಇತ್ತಲ್ಲ, ಅದೇ ಥರ ನುಣ್ಣಗಾಗಿದೆ ಕಣೋ, ಎಷ್ಟು ಜನ ಹಿಡಿದಿರ್ಬೇಕು.' ಮಗಳಿಗೆ ಇಷ್ಟ ಆಗಿದ್ದು ತೊಡೆ ಮೇಲಿರೋ ಮಗುವಿನ ಕೈಲಿ ಪೈನ್ ಕಾಯಿ ಇರೋದು. ಎಲ್ಲಾ ದೇವರ ಕೈಲೂ ಆಯುಧಾನೋ ಹೂವೋ ಇದ್ರೆ ಇದಕ್ಕೆ ಯಾಕೆ ಕಾಯಿ ಅಂತ ರೈಲಲ್ಲಿ ವಾಪಸ್ ಬರೋವರೆಗೂ ಕೇಳ್ತಿದ್ಲು.

ಗಾಯನ 1 ಗಂಟೆಗೆ. ಹತ್ತು ನಿಮಿಷ ಇರ್ಬೋದು, ಜಾಸ್ತಿ ಇಲ್ಲ. ಇಷ್ಟಕ್ಕೆ ಅಷ್ಟೆಲ್ಲಾ ಪ್ಲಾನ್ ಮಾಡಿದ್ವಾ ಅಂತ ಮೊದಲು ಅನ್ನಿಸ್ತು ನಿಜ. ಕಪ್ಪು ನಿಲುವಂಗಿ ಮೇಲೆ ಬಿಳೀದು ಹಾಕ್ಕೊಂಡ ಹುಡುಗರು ಸಾಲಾಗಿ ಬಂದ್ರು, ಎರಡನೇ ಸಾಲಿನ ಒಬ್ಬ ದೊಡ್ಡದಾಗಿ ಆಕಳಿಸ್ದ, ನಮ್ಮನೇಲಿ ಬೆಳಗ್ಗೆ ಸ್ಕೂಲಿಗೆ ಹೊರಡೋ ಮುಖಾನೇ. ಆಮೇಲೆ ಶುರುವಾಯ್ತು ನೋಡಿ. ಮೊದಲನೇ ಸ್ವರಕ್ಕೆ ನಮ್ಮ ಮುಂದಿನ ಬೆಂಚಲ್ಲಿದ್ದ ಒಬ್ರು ಆ ಊರಿನೋರು ಫೋನ್ ಒಳಗಿಟ್ಟು ಬಾಯಲ್ಲೇ ಸಣ್ಣಕೆ ಜತೆಗೆ ಹಾಡೋಕೆ ಶುರು ಮಾಡಿದ್ರು. ವಿರೊಲಾಯ್ ಅಂತ ಆ ತಾಯಿ ಮೇಲಿನ ಹಾಡು, 1880ರಲ್ಲಿ ವೆರ್ದಗೇರ್ ಅನ್ನೋ ಕವಿ ಬರೆದದ್ದು. ಆಕಳಿಸಿದ ಹುಡುಗ ಬಾಯಿ ಇಷ್ಟಗಲ ತೆಗೆದು ಹಾಡ್ತಿದ್ದ, ಆ ದನಿ ಮೇಲ್ಛಾವಣಿಗೆ ಹೋಗಿ ಮುಟ್ಟಿ ನಮ್ಮ ಹಿಂದಿನಿಂದ ವಾಪಸ್ ಬರ್ತಿತ್ತು. ಹತ್ತು ನಿಮಿಷಾನೇ ಸರಿ ಅನ್ನಿಸ್ತು.

ಧಾರವಾಡದೋರ ಪೋಸ್ಟನ್ನ ನಾನು ರೈಲಲ್ಲಿ ಅಪ್ಪಂಗೆ ಓದಿ ಹೇಳಿದ್ದೆ. ಅಪ್ಪಂಗೆ ದೇವರು ದಿಂಡರು ಅಂದ್ರೆ ಅಷ್ಟಕ್ಕಷ್ಟೆ, ಆದ್ರೆ ಆ 300 ಜನ ಒಳಗೆ ಕೂತ ಕಥೆ ಕೇಳಿದ್ಮೇಲೆ ಅಂಗಳದಲ್ಲಿ ನಿಂತು ಮಠದ ಒಂದೊಂದು ಬಾಗಿಲೂ ನೋಡ್ತಿದ್ರು, ಇದನ್ನೇ ಹಾಕಿದ್ರೋ ಅದನ್ನೋ ಅಂತ. ಗೋಕಾಕ್ ಚಳವಳಿ ಟೈಮಲ್ಲಿ ತಾನು ಒಂದು ಮೆರವಣಿಗೆಗೆ ಹೋಗಿದ್ದು ಮೊದಲನೇ ಸಲ ನಮಗೆ ಹೇಳಿದ್ದು ಆ ಅಂಗಳದಲ್ಲಿ! ನಲವತ್ತು ವರ್ಷದಿಂದ ಮನೇಲಿ ಒಬ್ಬರಿಗೂ ಗೊತ್ತಿಲ್ಲ, ಅಮ್ಮಂಗೂ.

ಫ್ಯೂನಿಕ್ಯುಲರ್‌ಗೆ ನಾನು, ಹೆಂಡ್ತಿ, ಮಗಳು ಮೂರೇ ಜನ ಹೋದ್ವಿ. ಅಪ್ಪ ಅಮ್ಮ ಕೆಳಗೆ ಬೆಂಚಲ್ಲಿ ಕೂತು ಚಪಾತಿ ತಿಂದು ಜೇನು ಮಾರೋರ ಹತ್ರ ಚೌಕಾಸಿ ಮಾಡೋಕೆ ನೋಡಿದಾರೆ, ಭಾಷೆ ಬರ್ದೇ. ಮೇಲೆ ಸಾಂಟ್ ಜೆರೋನಿ ಶಿಖರದವರೆಗೂ ಹೋಗ್ಬೇಕು ಅಂತ ಆಸೆ ಇತ್ತು, ಮೇಲಿನ ಸ್ಟೇಷನ್ನಿಂದ ಇನ್ನೂ ಒಂದು ಗಂಟೆ ಮೇಲೆ ನಡಿಗೆ, ಅಪ್ಪ ಅಮ್ಮ ಕೆಳಗೆ ಕಾಯ್ತಿದ್ರಲ್ಲ, ಅರ್ಧ ದಾರೀಲೇ ತಿರುಗಿದ್ವಿ. ಬಂಡೆ ಸಂದೀಲಿ ಹಿಂದೆ ಸನ್ಯಾಸಿಗಳು ಒಬ್ಬೊಬ್ಬರೇ ಇರ್ತಿದ್ದ ಗುಡಿಸಲುಗಳ ಅವಶೇಷ ಕಾಣ್ಸಿದ್ವು. ಅಲ್ಲಿ ಹೋಗಿ ಕೂತೋನಿಗೆ ಅಕ್ಕಿ ಬೇಳೆ ಯಾರ್ ತಂದುಕೊಡ್ತಿದ್ರು ಅನ್ನೋದೇ ನನ್ನ ಪ್ರಶ್ನೆ.

ರೈಲ್_ಹುಚ್ಚ

ನೂರು ಸಲ ಹೇಳಿದ್ರೂ ಆ ಸ್ಟೇಷನ್ನಲ್ಲೇ ಇಳೀತಾರೆ 🤦 ಪರವಾಗಿಲ್ಲ, ಎರಡೂ ನೋಡ್ದಂಗಾಯ್ತು. ಮುಂದೆ ಹೋಗೋರಿಗೆ ಮತ್ತೊಂದ್ಸಲ: ಕ್ರೆಮಾಯೆರಾ ಅಂದ್ರೆ ಮೊನಿಸ್ಟ್ರೋಲ್. ಮೊ-ನಿ-ಸ್ಟ್ರೋಲ್.

ಧಾರವಾಡ_ಫೇಡೆ

ಅಪ್ಪಾರದ್ದು ಓದಿ ಕಣ್ಣಾಗ ನೀರ ಬಂತ್ರಿ. ಅವ್ರನ್ನ ಕೂಡಿಸಿ ಪೂರಾ ಕೇಳ್ರಿ, ಬರದ ಇಡ್ರಿ.

ಹಾಡಿನ ಮಾತು ಬಂತು ಅಂತ ಇದೊಂದು ಹೇಳ್ತೇನಿ. ಆ ಮಠದಾಗ ಹದಿನಾಲ್ಕನೇ ಶತಮಾನದ ಕಡೀಗೆ ಬರದಿದ್ದ ಒಂದು ಪುಸ್ತಕ ಐತಿ, ಕೆಂಪು ಪುಸ್ತಕ ಅಂತಾರ, ಹೊದಿಕಿ ಕೆಂಪು ಐತಿ ಅಂತ. ಅದರಾಗ ಹತ್ತು ಹಾಡು ಉಳದಾವ. ಯಾಕ ಬರದ್ರಂದ್ರ, ಯಾತ್ರಿಕರು ರಾತ್ರಿಯೆಲ್ಲಾ ಗುಡಿಯೊಳಗ ಜಾಗರಣಿ ಮಾಡುವಾಗ ಹಾಡಬೇಕು ಕುಣೀಬೇಕು ಅಂತಿದ್ರಂತ. ಬ್ಯಾಡ ಅಂದ್ರ ಕೇಳಂಗಿಲ್ಲ, ಹಂಗಾರ ಒಳ್ಳೆ ಹಾಡರ ಹಾಡ್ರಿ ಅಂತ ಸನ್ಯಾಸಿಗಳ ಬರಕೊಟ್ರು. ನಮ್ಮ ಕಡೆ ಭಜನಿ ಮ್ಯಾಳ ಸೈತ ಹಂಗ ಅಲ್ರಿ, ರಾತ್ರಿ ಎಚ್ಚರ ಇರಾಕ ಏನರ ಬೇಕಲ್ಲ.

ಸುಮ್ನೆ_ಓದೋನು

ನಾನು ಅಲ್ಲಿ ಮ್ಯೂಸಿಯಂ ಇದೆ ಅಂತ ಈಗ ಓದ್ತಿದೀನಿ, ಕಾರವಾಜ್ಜೊ, ಎಲ್ ಗ್ರೆಕೊ, ಪಿಕಾಸೊ ಬರೆದ ಚಿತ್ರ ಎಲ್ಲಾ ಬೆಟ್ಟದ ಮೇಲಾ? ನಿಜಾನಾ?

ಮೂರ್ನೇ_ಮಹಡಿ

ನಿಜ. ಈಜಿಪ್ಟಿನ ಮಮ್ಮಿನೂ ಇದೆ ಅದೇ ಕಟ್ಟಡದಲ್ಲಿ. ಮಳೆ ಬಂದ ದಿನ ನಾನು ಅತಿಥಿಗಳನ್ನ ಅಲ್ಲಿಗೇ ತಳ್ಳೋದು. ಬೆಟ್ಟದಲ್ಲಿ ಮೋಡ ಇಳಿದ್ರೆ ಎದುರಿನ ಚರ್ಚೂ ಕಾಣಲ್ಲ, ಆಗ ಕಾರವಾಜ್ಜೊ ಒಬ್ಬನೇ ಗತಿ.

ಇನ್ನೊಂದು ತಮಾಷೆ, 1940ರಲ್ಲಿ ನಾಜಿ ಹಿಮ್ಲರ್ ಇಲ್ಲಿಗೆ ಬಂದಿದ್ದ, ಯೇಸುವಿನ ಪವಿತ್ರ ಬಟ್ಟಲು ಇಲ್ಲೇ ಎಲ್ಲೋ ಇದೆ ಅನ್ನೋ ಹುಚ್ಚಲ್ಲಿ. ಬರಿಗೈಲಿ ಹೋದ.

ನಿಮ್ಮಪ್ಪ ಆ ಫ್ಯೂನಿಕ್ಯುಲರ್ ಹತ್ತದೇ ಇದ್ದದ್ದು ಒಳ್ಳೇದಾಯ್ತು ಬಿಡಿ.

ಕಲ್ಲು_ಮಣ್ಣು

ಎಲ್ಲಾ ಸರಿ, ಕಲ್ಲಿನ ಫೋಟೋ ಎಲ್ಲಿ?

ಅರ್ಧ_ಲಗೇಜು

ಹಾಕಿದೀನಿ ನೋಡಿ, ಮಗಳೇ ತೆಗೆದದ್ದು, ಮೇಲಿನ ಸ್ಟೇಷನ್ ಪಕ್ಕದ ಬಂಡೆ. ಅಳತೆಗೆ ಇರ್ಲಿ ಅಂತ ತನ್ನ ಕೈ ಇಟ್ಟಿದಾಳೆ. ಒಂದು ಕಲ್ಲು ಸಡಿಲ ಆಗಿ ಅಲ್ಲಾಡ್ತಿತ್ತಂತೆ, ಕೀಳ್ಲಿಲ್ಲ ಅಂತ ನಿಮಗೆ ಹೇಳ್ಬೇಕಂತೆ.

ಕಲ್ಲು_ಮಣ್ಣು

ಭೇಷ್! ಅಳತೆಗೆ ಕೈ ಇಡೋದು ನಮ್ಮ ಸ್ಟೂಡೆಂಟ್ಸ್‌ಗೇ ಹೇಳ್ಕೊಟ್ಟು ಸಾಕಾಗುತ್ತೆ. ಅವಳ ಹೆಬ್ಬೆರಳ ಪಕ್ಕ ಬೂದು ಬಣ್ಣದ್ದು ಸುಣ್ಣಕಲ್ಲು, ಆ ಬೆಟ್ಟದಲ್ಲಿ ಜಾಸ್ತಿ ಅದೇ. ಮೇಲ್ಗಡೆ ಬಿಳಿ, ಸ್ವಲ್ಪ ಮಿಂಚೋದು ಬೆಣಚುಕಲ್ಲು. ಸುತ್ತ ಕೆಂಪಗೆ ಇದೆಯಲ್ಲ ಅದು ಇವನ್ನೆಲ್ಲಾ ಹಿಡಿದಿಟ್ಟಿರೋ ಗಾರೆ. ಕಿರುಬೆರಳ ಕೆಳಗಿರೋದು ನೆರಳಲ್ಲಿ ಸರಿಯಾಗಿ ಕಾಣ್ತಿಲ್ಲ, ಬೇರೆ ಫೋಟೋ ಇದ್ರೆ ಹಾಕೋಕೆ ಹೇಳಿ ಅವಳಿಗೆ.